ಸಬ್ಸಿಡಿ ಅರ್ಜಿ ತಳ್ಳಿಹಾಕಿದರೆ ಯಾರನ್ನು ಕೇಳಬೇಕು?

ಮಾನ್ಯ ಸಂಪಾದಕರೇ,

ನಾನಿರುವುದು ಬೆಂಗಳೂರಿನ ವಿಜಯನಗರದಲ್ಲಿ. ಅಪ್ಪ ಊರಲ್ಲಿ ರಾಗಿ, ಟೊಮೆಟೊ ಬೆಳೆಯುತ್ತಾರೆ. ಹನಿ ನೀರಾವರಿ ಸಬ್ಸಿಡಿಗೆ ಅರ್ಜಿ ಹಾಕಿದ್ದರು. ಪಹಣಿ, ಆಧಾರ್, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಎಲ್ಲಾ ಕೊಟ್ಟಾಗಿತ್ತು. ಕೊನೆಗೆ ಮೊಬೈಲಿಗೆ ಬಂದಿದ್ದು ಒಂದೇ ಸಾಲು: ಅರ್ಜಿ ತಿರಸ್ಕೃತ. ಕಾರಣ ಕೇಳಲು ಹೋದರೆ ಕಚೇರಿಯವರು, 'ಪಹಣಿ ಜಂಟಿ ಇದೆ, ಒಬ್ಬರಿಗಿಂತ ಹೆಚ್ಚು ಜನರ ಹೆಸರಿದೆ, ಮುಂದಿನ ವರ್ಷ ನೋಡೋಣ' ಎಂದರು. ಅದೂ ಬಾಯಿಮಾತು. ಬರೆದು ಕೊಡಿ ಅಂದಿದ್ದಕ್ಕೆ ಸುಮ್ನೆ ನಕ್ಕರಂತೆ.

ಅಪ್ಪನ ಅರ್ಜಿ ಸರಿಯಿತ್ತು ಎಂದು ನಾನು ವಾದಿಸುತ್ತಿಲ್ಲ. ತಪ್ಪು ನಮ್ಮದೇ ಇರಬಹುದು. ಆದರೆ ಅದನ್ನು ಮೇಲಿನವರೊಬ್ಬರು ಮತ್ತೊಮ್ಮೆ ನೋಡಬೇಕು, ಅಲ್ವಾ?

ಇದೇನು ಹೊಸ ಬೇಡಿಕೆಯಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ನಿರಾಕರಿಸಿದರೆ ಕಾರಣ ಏನು, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂದು ಉತ್ತರದಲ್ಲೇ ತಿಳಿಸಬೇಕು. ಮೊದಲ ಮೇಲ್ಮನವಿಗೆ 30 ದಿನ ಇರುತ್ತದೆ. ಜಮೀನಿನ ಖಾತೆ ಬದಲಾವಣೆಯಲ್ಲಿ ತಹಶೀಲ್ದಾರರ ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗಳ ಬಳಿ ಹೋಗಬಹುದು. ಒಂದು ಕಾಗದ ಕೇಳಿದವನಿಗೆ ಇರುವ ಈ ದಾರಿ, ಪೈಪು ಕೇಳಿದ ರೈತನಿಗೂ ಅಷ್ಟೇ ಸಲೀಸಾಗಿ ಕಾಣಬೇಡವೇ?

ಸಬ್ಸಿಡಿ ದುಡ್ಡಿಗೆ ಮಿತಿ ಇದೆ, ಗೊತ್ತು. ದುಡ್ಡು ಮುಗಿದಿದ್ದರೆ ಹಾಗೆಂದೇ ಬರೆಯಲಿ. ತಿರಸ್ಕಾರದ ಸಂದೇಶದಲ್ಲೇ ಕಾರಣ, ಮೇಲ್ಮನವಿ ಅಧಿಕಾರಿಯ ಹುದ್ದೆ, ಕೊನೆಯ ದಿನ ಇರಲಿ. ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೂ ಇದನ್ನು ಕನ್ನಡದಲ್ಲಿ ದೊಡ್ಡದಾಗಿ ಅಂಟಿಸಲಿ. ಮೊಬೈಲ್ ನೋಡಲು ಬಾರದವರು ನಮ್ಮ ಕಡೆ ಇನ್ನೂ ಜಾಸ್ತಿ.

– ರೈತನ ಮಗಳು, ವಿಜಯನಗರ, ಬೆಂಗಳೂರು