ಕರೆಂಟ್ ಹೋದ ರಾತ್ರಿಯೇ ಕೈಕೊಡುವ ಬ್ಯಾಟರಿ: ಸೋಲಾರ್ ಕಂಪನಿಗೆ ಒಂದು ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ
(ನಮ್ಮ ಮನೆಗೆ ಸೋಲಾರ್ ಮತ್ತು ಬ್ಯಾಟರಿ ಹಾಕಿಕೊಟ್ಟ ಕಂಪನಿ)

ಇವರಿಂದ,
ಕೊಟ್ಟಿಗೆಹಾರದ ಕಡೆಯ ನಿಮ್ಮ ಗ್ರಾಹಕಿ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ

ವಿಷಯ: ಕರೆಂಟ್ ಹೋದಾಗ ಬ್ಯಾಟರಿ ಬ್ಯಾಕಪ್ ಸಿಗದಿರುವುದು, ವೈರಿಂಗ್ ಮತ್ತು ಸೆಟ್ಟಿಂಗ್ ತಕ್ಷಣ ಸರಿಪಡಿಸಿಕೊಡುವ ಬಗ್ಗೆ.

ಮಾನ್ಯರೇ,

ಮಾರ್ಚ್ ತಿಂಗಳಲ್ಲಿ ನಿಮ್ಮ ಪ್ರತಿನಿಧಿ ನಮ್ಮ ಮನೆಗೆ ಬಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋದರೆ ನಮ್ಮ ಮಾವನವರ ಆಕ್ಸಿಜನ್ ಮಿಷನ್ ಬೆಳಗಿನ ತನಕ ಓಡುತ್ತದಾ? ಅವರು ಮಿಷನ್ ನೋಡಿದರು. ಮಿಷನ್‌ನ ಹಿಂಭಾಗದಲ್ಲಿ ಬರೆದಿದ್ದ 350 ವ್ಯಾಟ್ ಅನ್ನೋದನ್ನು ಫೋಟೋ ತೆಗೆದುಕೊಂಡರು. "ಹತ್ತು ಗಂಟೆ ಆರಾಮಾಗಿ ಓಡುತ್ತದೆ ಮೇಡಂ, ಇಡೀ ಮನೆಗೆ ಬ್ಯಾಕಪ್ ಇರುತ್ತದೆ" ಎಂದರು. ಕೊಟೇಶನ್‌ನಲ್ಲಿಯೂ ಹಾಗೇ ಬರೆದುಕೊಟ್ಟಿದ್ದೀರಿ. ಅದರ ಪ್ರತಿ ಈ ಪತ್ರದ ಜೊತೆ ಇದೆ.

ಆ ಒಂದು ಮಾತಿನ ಮೇಲೆ ನಾವು ದುಡ್ಡು ಹಾಕಿದೆವು. ಪ್ಯಾನೆಲ್‌ಗೆ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಬಂತು, ಮೆಸ್ಕಾಂನವರು ನೆಟ್ ಮೀಟರ್ (ಲೈನಿನಿಂದ ಬಂದ ಕರೆಂಟನ್ನೂ ನಾವು ಲೈನಿಗೆ ಕೊಟ್ಟ ಕರೆಂಟನ್ನೂ ಅಳೆಯುವುದು) ಹಾಕಿಕೊಟ್ಟರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬರೀ ಪ್ಯಾನೆಲ್ ಇದ್ದರೆ ಕರೆಂಟ್ ಹೋದ ಕೂಡಲೇ ಸೋಲಾರೂ ನಿಂತುಹೋಗುತ್ತದೆ, ಲೈನ್ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಇರಲೇಬೇಕು ಎಂದು ನೀವೇ ತಿಳಿಸಿಕೊಟ್ಟಿರಿ. ಅದು ಸರಿಯಾದ ಮಾತು. ಸಿಲ್ವರ್ ಮರ ಬಿದ್ದು ತಂತಿ ಹರಿದರೆ ಸುರಿಯುವ ಮಳೆಯಲ್ಲೇ ಕಂಬ ಹತ್ತುವವರು ನಮ್ಮೂರಿನ ಹುಡುಗರೇ. ಅದಕ್ಕೇ ಪ್ಯಾನೆಲ್ ಜೊತೆ ಬ್ಯಾಟರಿಯನ್ನೂ ನಡೆಸುವ ಹೈಬ್ರಿಡ್ ಇನ್ವರ್ಟರ್ ಮತ್ತು 5.12 ಯೂನಿಟ್ ಕರೆಂಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ ಸಬ್ಸಿಡಿ ಇಲ್ಲದಿದ್ದರೂ 1,85,000 ರೂಪಾಯಿ ಜಾಸ್ತಿ ಕೊಟ್ಟೆವು. ಆ ಸಲದ ಕಾಫಿ ಮಾರಿದ ದುಡ್ಡು ಅದು.

ಜೂನ್ 24ರ ರಾತ್ರಿ ಮೊದಲ ಸಲ ಕರೆಂಟ್ ಹೋಯಿತು. ಹಾಲ್‌ನಲ್ಲಿ ಲೈಟ್ ಉರಿಯುತ್ತಿತ್ತು, ಟಿವಿಯ ಕೆಂಪು ದೀಪವೂ ಇತ್ತು. ಮಾವನವರ ಕೋಣೆ ಮಾತ್ರ ಕತ್ತಲು. ಮಿಷನ್ ಬೀಪ್ ಬೀಪ್ ಅಂತ ಕೂಗುತ್ತಿತ್ತು. ನಾವು ಓಡಿಹೋಗಿ ಸಿಲಿಂಡರ್‌ಗೆ ಪೈಪ್ ಹಾಕಿದೆವು. ಆಮೇಲೆ ಹಾಲ್‌ನಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಮಿಷನ್ ಹಚ್ಚಿದೆವು. ಅವತ್ತಿನಿಂದ ಇವತ್ತಿನವರೆಗೂ ಆ ವೈರ್ ಬಾಗಿಲಿನ ಅಡಿಯಲ್ಲೇ ಹೋಗುತ್ತಿದೆ. 78 ವರ್ಷದವರು ರಾತ್ರಿ ಬಚ್ಚಲಿಗೆ ಏಳುವಾಗ ಅದನ್ನು ದಾಟಿಕೊಂಡು ಹೋಗಬೇಕು.

ಮಾರನೇ ದಿನ ಪಕ್ಕದ ಊರಿನ ಎಲೆಕ್ಟ್ರಿಷಿಯನ್ ಬಂದು ಡಿಬಿ, ಅಂದರೆ ಮನೆಯ ಸ್ವಿಚ್ ಪೆಟ್ಟಿಗೆ ತೆಗೆದು ನೋಡಿದರು. ನಿಮ್ಮ ಇನ್ವರ್ಟರ್‌ನಿಂದ ಎರಡು ದಾರಿ ಹೊರಡುತ್ತವೆ. ಒಂದು ಮೆಸ್ಕಾಂ ಲೈನಿನ ಕಡೆ, ಇನ್ನೊಂದು ಬ್ಯಾಕಪ್ ಕಡೆ. ಕರೆಂಟ್ ಹೋದಾಗ ಬ್ಯಾಕಪ್ ಕಡೆ ಸೇರಿಸಿದ್ದಕ್ಕೆ ಮಾತ್ರ ಬ್ಯಾಟರಿಯಿಂದ ಕರೆಂಟ್ ಸಿಗುತ್ತದೆ. ನಿಮ್ಮ ಹುಡುಗರು ಹಾಲ್‌ನ ಒಂದು ಎಂಸಿಬಿಯನ್ನು (ಡಿಬಿಯಲ್ಲಿರುವ ಸ್ವಿಚ್) ಮಾತ್ರ ಬ್ಯಾಕಪ್‌ಗೆ ಕೊಟ್ಟಿದ್ದಾರೆ. ಮಾವನವರ ಕೋಣೆ, ಫ್ರಿಜ್, ವೈಫೈ ಎಲ್ಲವೂ ಲೈನಿನ ಕಡೆಯೇ ಉಳಿದಿವೆ. ಇಡೀ ಮನೆಗೆ ಬ್ಯಾಕಪ್ ಅಂದರೆ ಇದೇನಾ? ಫಿಟ್ಟಿಂಗ್ ಮಾಡಿದ ದಿನ ಒಂದು ಸಲ ಮೇನ್ ಸ್ವಿಚ್ ಆಫ್ ಮಾಡಿ ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಯಾರೂ ನೋಡಲಿಲ್ಲ. ನಮಗೂ ಹೊಳೆಯಲಿಲ್ಲ.

ಆ ವೈರನ್ನು ನೀವೇ ಬದಲಾಯಿಸಿಕೊಡಿ ಎಂದು ಎಲೆಕ್ಟ್ರಿಷಿಯನ್‌ಗೆ ಕೇಳಿದೆ. ಅವರು ಒಪ್ಪಲಿಲ್ಲ. ಫೇಸ್ ಒಂದನ್ನೇ ಬ್ಯಾಕಪ್‌ಗೆ ತಿರುಗಿಸಿ ನ್ಯೂಟ್ರಲ್ ಅನ್ನು ಹಳೆಯ ಜಾಗದಲ್ಲೇ ಬಿಟ್ಟರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್) ಟ್ರಿಪ್ ಆಗುತ್ತದೆ, ಎರಡನ್ನೂ ಬೇರೆ ಮಾಡಿ ಎಳೆಯಬೇಕು, ಕಂಪನಿಯವರೇ ಮಾಡಲಿ, ಇಲ್ಲದಿದ್ದರೆ ನಾಳೆ ವಾರಂಟಿ ಇಲ್ಲ ಅನ್ನುತ್ತಾರೆ ಎಂದರು. ಅವರು ಹೇಳಿದ್ದರಲ್ಲಿ ನ್ಯಾಯ ಇದೆ. ಹಾಗಾಗಿ ಮುಟ್ಟದೆ ಬಿಟ್ಟು ನಿಮಗೆ ಫೋನ್ ಮಾಡಿದೆ. ವಾರದೊಳಗೆ ಜನ ಕಳಿಸುತ್ತೇವೆ ಎಂದಿರಿ. ಯಾರೂ ಬರಲಿಲ್ಲ.

ಜುಲೈ 12ರ ರಾತ್ರಿ ಆಗಿದ್ದು ಇದಕ್ಕಿಂತ ಕಷ್ಟದ್ದು. ಕರೆಂಟ್ ಹೋದಾಗ ರಾತ್ರಿ ಒಂದು ಗಂಟೆ. ಈ ಸಲ ಮಿಷನ್ ಎಕ್ಸ್‌ಟೆನ್ಷನ್‌ನಲ್ಲಿ, ಅಂದರೆ ಬ್ಯಾಕಪ್‌ನಲ್ಲೇ ಇತ್ತು. ಆದರೂ ಕೆಲವೇ ನಿಮಿಷದಲ್ಲಿ ಎಲ್ಲ ಆಫ್ ಆಯಿತು. ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಇನ್ವರ್ಟರ್ ಪರದೆಯಲ್ಲಿ ಏನೂ ಇಲ್ಲ. ಕೊಟ್ಟಿಗೆಹಾರದ ಮಳೆ ನಿಮಗೆ ಗೊತ್ತಿರಬಹುದು, ಹಿಡಿದರೆ ಬಿಡುವುದಿಲ್ಲ. ಆ ಸಲ ಎರಡು ರಾತ್ರಿ ಕರೆಂಟ್ ಇರಲಿಲ್ಲ. ಡಾಕ್ಟರ್ ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಬರೆದಿದ್ದಾರೆ. ನಮ್ಮಲ್ಲಿರುವ ಬಿ ಟೈಪ್ ಸಿಲಿಂಡರ್ ಸುಮಾರು 1,500 ಲೀಟರಿನದು, ಆ ಲೆಕ್ಕದಲ್ಲಿ ಹನ್ನೆರಡು ಗಂಟೆ ಬರುತ್ತದೆ. ಎರಡನೇ ರಾತ್ರಿಗೆ ಅದು ಸಾಲುವುದಿಲ್ಲ ಅಂತ ಬೆಳಿಗ್ಗೆ ಎದ್ದ ತಕ್ಷಣ ನನ್ನ ಗಂಡ ಜೀಪ್ ತೆಗೆದುಕೊಂಡು ಚಿಕ್ಕಮಗಳೂರಿಗೆ ಹೋದರು. ಹತ್ತಿರ ಹತ್ತಿರ 50 ಕಿಲೋಮೀಟರ್. ದಾರಿಯಲ್ಲಿ ಎರಡು ಕಡೆ ಮರ ಬಿದ್ದಿತ್ತು. ಅವರು ವಾಪಸ್ ಬರುವ ತನಕ ನಾನು ಮಾವನವರ ಬೆರಳಿಗೆ ಆಕ್ಸಿಮೀಟರ್ ಹಾಕಿ ಕೂತಿದ್ದೆ.

ನಿಮ್ಮ ಸಹಾಯವಾಣಿಗೆ ಅವತ್ತು ಆರು ಸಲ ಫೋನ್ ಮಾಡಿದ್ದೇನೆ. ಆ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವಳಿಗೆ ಕಾಣುತ್ತಿದ್ದದ್ದು ಒಂದೇ, "ನಿಮ್ಮ ಇನ್ವರ್ಟರ್ ಆಫ್‌ಲೈನ್ ಇದೆ, ವೈಫೈ ಆನ್ ಮಾಡಿ, ನಾವು ಇಲ್ಲಿಂದಲೇ ನೋಡುತ್ತೇವೆ." ಕರೆಂಟ್ ಇಲ್ಲದೆ ವೈಫೈ ಎಲ್ಲಿಂದ ಬರಬೇಕು? ನೀವು ವೈಫೈಯನ್ನು ಬ್ಯಾಕಪ್‌ಗೆ ಸೇರಿಸಿಯೇ ಇಲ್ಲ. ಕರೆಂಟ್ ಬಂದ ಮೇಲೆ ನೋಡಿ, ಎಲ್ಲ ಸರಿ ಇದೆ ಅಂತ ದೂರು ಮುಚ್ಚಿದಿರಿ. ಕರೆಂಟ್ ಇದ್ದಾಗ ಸರಿಯಾಗಿಯೇ ಕಾಣುತ್ತದೆ ಅಲ್ವಾ? ನಮ್ಮ ದೂರು ಕರೆಂಟ್ ಇಲ್ಲದ ಹೊತ್ತಿನದ್ದು.

ಬ್ಯಾಟರಿ ಯಾಕೆ ಖಾಲಿಯಾಗಿತ್ತು ಅನ್ನೋದನ್ನು ಆಮೇಲೆ ನಾನೇ ಆ್ಯಪ್‌ನಲ್ಲಿ ದಿನದಿನದ ಗೆರೆಗಳನ್ನು ನೋಡಿ ಕಂಡುಹಿಡಿದೆ. ನೀವು ಇನ್ವರ್ಟರನ್ನು ಕರೆಂಟ್ ಬಿಲ್ ಉಳಿಸುವ ಸೆಟ್ಟಿಂಗ್‌ನಲ್ಲಿ ಇಟ್ಟು ಹೋಗಿದ್ದೀರಿ. ಸೂರ್ಯ ಮುಳುಗಿದ ಮೇಲೆ ಕರೆಂಟ್ ಇದ್ದರೂ ಮನೆ ಮೊದಲು ಬ್ಯಾಟರಿಯನ್ನೇ ಹೀರುತ್ತದೆ. ಮಳೆಗಾಲದಲ್ಲಿ ಸೌದೆ ಒದ್ದೆ, ಬಚ್ಚಲ ಒಲೆ ಹಚ್ಚೋದು ಕಷ್ಟ. ಹಾಗಾಗಿ ಸಂಜೆ ಗೀಸರ್ ಹಾಕುತ್ತೇವೆ, ಅದು 2,000 ವ್ಯಾಟಿನದು. ರಾತ್ರಿ ಹತ್ತಕ್ಕೆಲ್ಲ ಬ್ಯಾಟರಿ ಶೇ 10ಕ್ಕೆ ಇಳಿದಿರುತ್ತದೆ. ಕನಿಷ್ಠ ಮಿತಿಯನ್ನು ನೀವು ಇಟ್ಟಿರುವುದೂ ಶೇ 10. ಅಂದರೆ ಕರೆಂಟ್ ಹೋಗುವ ಹೊತ್ತಿಗೆ ಕೊಡಲು ಬ್ಯಾಟರಿಯಲ್ಲಿ ಏನೂ ಉಳಿದಿರುವುದಿಲ್ಲ. ಇಲ್ಲಿ ವಾರಗಟ್ಟಲೆ ಬಿಸಿಲಿರುವುದಿಲ್ಲ, ಪ್ಯಾನೆಲ್‌ನಿಂದ ಬ್ಯಾಟರಿ ಪೂರ್ತಿ ತುಂಬುವುದೂ ಇಲ್ಲ. ಲೈನ್ ಕರೆಂಟಿನಿಂದ ತುಂಬಿಸುವ ಆಯ್ಕೆ ಇನ್ವರ್ಟರ್‌ನಲ್ಲಿ ಇದೆ. ಅದನ್ನು ಆಫ್ ಮಾಡಿಟ್ಟಿದ್ದೀರಿ. ಬದಲಾಯಿಸೋಣ ಅಂದರೆ ಪಾಸ್‌ವರ್ಡ್ ನಿಮ್ಮ ಹತ್ತಿರ ಮಾತ್ರ ಇದೆ.

ಇನ್ನೊಂದು ವಿಷಯ. ಜುಲೈ 12ರ ಆ ರಾತ್ರಿ ಕಳೆದು ಬೆಳಿಗ್ಗೆ ಹತ್ತು ಗಂಟೆಗೆ ಸ್ವಲ್ಪ ಬಿಸಿಲು ಬಂದಿತ್ತು. ಆದರೂ ಇನ್ವರ್ಟರ್ ತಾನಾಗಿ ಎದ್ದೇಳಲಿಲ್ಲ. ಬ್ಯಾಟರಿ ತೀರಾ ಇಳಿದರೆ ಅದರೊಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್, ಬ್ಯಾಟರಿ ಕೆಡದಂತೆ ಅದನ್ನು ಮುಚ್ಚಿಬಿಡುತ್ತದಂತೆ, ಬ್ಯಾಟರಿ ಎದ್ದೇಳದೆ ಈ ಇನ್ವರ್ಟರ್ ಪ್ಯಾನೆಲ್ ಕರೆಂಟನ್ನು ತೆಗೆದುಕೊಳ್ಳುವುದಿಲ್ಲವಂತೆ. ಪಕ್ಕದ ಊರಿನ ಎಲೆಕ್ಟ್ರಿಷಿಯನ್ ಮಧ್ಯಾಹ್ನ ಬಂದು ಬ್ಯಾಟರಿಯ ಪಕ್ಕದಲ್ಲಿದ್ದ ಬಟನ್ ಒತ್ತಿ ಹಿಡಿದರು. ಕೂಡಲೇ ಪರದೆ ಬೆಳಗಿತು, ಪ್ಯಾನೆಲ್‌ನಿಂದ ಚಾರ್ಜ್ ಶುರುವಾಯಿತು. ಒಂದು ಬಟನ್! ಫಿಟ್ಟಿಂಗ್ ದಿನ ಅದನ್ನು ತೋರಿಸಿಕೊಟ್ಟಿದ್ದರೆ ನಾವು ನಾಲ್ಕು ಗಂಟೆ ಹೊತ್ತು ಸುಮ್ನೆ ಇನ್ವರ್ಟರ್ ಮುಂದೆ ನಿಂತಿರಬೇಕಾಗಿರಲಿಲ್ಲ.

ಬ್ಯಾಟರಿಯೇ ಚಿಕ್ಕದಾಯಿತು, ಇನ್ನೊಂದು ತೆಗೆದುಕೊಳ್ಳಿ ಎಂದು ನಿಮ್ಮ ಪ್ರತಿನಿಧಿ ಈಗ ಹೇಳುತ್ತಿದ್ದಾರೆ. ಅದು ಸರಿಯಲ್ಲ, ನಾವು ಪರೀಕ್ಷೆ ಮಾಡಿ ನೋಡಿದ್ದೇವೆ. ಬ್ಯಾಟರಿ ಶೇ 100 ಇದ್ದ ಒಂದು ದಿನ ಮೇನ್ ಸ್ವಿಚ್ ಆಫ್ ಮಾಡಿದೆವು. ಬಿಸಿಲಿನ ಲೆಕ್ಕ ಬೆರೆಯಬಾರದು ಅಂತ ಪ್ಯಾನೆಲ್ ಸ್ವಿಚ್ಚೂ ಆಫ್ ಮಾಡಿದೆವು. ಬೇರೆ ಏನನ್ನೂ ಹಾಕದೆ ಆಕ್ಸಿಜನ್ ಮಿಷನ್ ಒಂದನ್ನೇ ಓಡಿಸಿದೆವು. ನಾಲ್ಕು ಗಂಟೆಯಲ್ಲಿ ಶೇ 68ಕ್ಕೆ ಬಂತು. ಗಂಟೆಗೆ ಶೇ 8. ಹತ್ತು ಗಂಟೆಗೆ ಶೇ 80. ರಾತ್ರಿ ಮಲಗುವಾಗ ಬ್ಯಾಟರಿಯಲ್ಲಿ ಶೇ 90 ಇದ್ದರೆ ಬೆಳಗಿನ ತನಕ ಬರುತ್ತದೆ. ನಿಮ್ಮ ಪ್ರತಿನಿಧಿ ಮಾರ್ಚ್‌ನಲ್ಲಿ ಹೇಳಿದ್ದ ಲೆಕ್ಕ ಸರಿಯಾಗಿಯೇ ಇತ್ತು, ಬ್ಯಾಟರಿಯೂ ಚೆನ್ನಾಗಿದೆ. ಕೆಟ್ಟಿರುವುದು ನಿಮ್ಮ ಕೆಲಸ.

ಹಾಗಾಗಿ ನಾನು ಕೇಳುತ್ತಿರುವುದು ಹೊಸ ಬ್ಯಾಟರಿಯಲ್ಲ, ದುಡ್ಡು ವಾಪಸ್ಸೂ ಅಲ್ಲ. ಮೊದಲು ಸೆಟ್ಟಿಂಗ್. ಇದಕ್ಕೆ ಯಾರೂ ಇಲ್ಲಿಗೆ ಬರಬೇಕಾಗಿಲ್ಲ. ಕರೆಂಟ್ ಇರುವಾಗ ನಿಮ್ಮ ಆಫೀಸಿನಲ್ಲಿ ಕೂತೇ ಮಾಡಬಹುದು. ಜೂನ್‌ನಿಂದ ಸೆಪ್ಟೆಂಬರ್ ತನಕ, ಕರೆಂಟ್ ಇರುವ ಹೊತ್ತಿನಲ್ಲಿ ಬ್ಯಾಟರಿ ಶೇ 90ಕ್ಕಿಂತ ಕೆಳಗೆ ಇಳಿಯಬಾರದು. ಬಿಸಿಲಿಲ್ಲದ ದಿನ ಲೈನ್ ಕರೆಂಟಿನಿಂದ ತುಂಬಬೇಕು. ಬಿಲ್ ಸ್ವಲ್ಪ ಜಾಸ್ತಿ ಬಂದರೆ ಬರಲಿ, ಅದಕ್ಕೆ ನಾವು ತಯಾರು. ಈ ಪತ್ರ ತಲುಪಿದ ಮೂರು ದಿನದೊಳಗೆ ಇದಾಗಬೇಕು. ಬೇಸಿಗೆಯಲ್ಲಿ ನಾವೇ ಕಡಿಮೆ ಮಾಡಿಕೊಳ್ಳುವಂತೆ ಆ ಎರಡು ಸೆಟ್ಟಿಂಗ್‌ಗಳನ್ನಾದರೂ ನಮ್ಮ ಕೈಗೆ ಕೊಡಿ.

ವೈರಿಂಗ್‌ಗೆ ಹತ್ತು ದಿನ ಕಾಯುತ್ತೇನೆ. ಮಾವನವರ ಕೋಣೆ, ಫ್ರಿಜ್, ವೈಫೈ ಈ ಮೂರನ್ನು ಫೇಸ್ ಮತ್ತು ನ್ಯೂಟ್ರಲ್ ಎರಡೂ ಸೇರಿ ಬ್ಯಾಕಪ್ ಕಡೆಗೆ ಹಾಕಿಕೊಡಬೇಕು. ಗೀಸರ್ ಮತ್ತು ಮೋಟಾರ್ ಬ್ಯಾಕಪ್‌ಗೆ ಬೇಡ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಎಷ್ಟು ಪಟ್ಟು ಕರೆಂಟ್ ಎಳೆಯುತ್ತದೆ ಅನ್ನೋದು ನಮಗೂ ಗೊತ್ತು, ಇನ್ವರ್ಟರ್ ಟ್ರಿಪ್ ಆಗುವುದು ನಮಗೆ ಬೇಕಾಗಿಲ್ಲ. ಇಡೀ ಮನೆ ಅಂತ ಬರೆದುಕೊಟ್ಟಿದ್ದರೂ ನಾನು ಇಷ್ಟಕ್ಕೇ ಒಪ್ಪುತ್ತೇನೆ. ಯಾವ ಎಂಸಿಬಿ ಬ್ಯಾಕಪ್‌ನಲ್ಲಿದೆ, ಬ್ಯಾಟರಿ ಮಲಗಿದರೆ ಯಾವ ಬಟನ್ ಎಷ್ಟು ಹೊತ್ತು ಒತ್ತಬೇಕು ಅನ್ನೋದನ್ನು ಕನ್ನಡದಲ್ಲಿ ಬರೆದು ಡಿಬಿಯ ಬಾಗಿಲಿಗೆ ಅಂಟಿಸಿ. ಮನೆಯಲ್ಲಿ ಕೆಲಸಕ್ಕೆ ಬರುವ ಅಕ್ಕನೂ ಓದಿ ಮಾಡುವ ಹಾಗೆ ಇರಲಿ.

ಇದಿಷ್ಟು ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಆಮೇಲೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಆಫೀಸ್ ಬೆಂಗಳೂರಿನಲ್ಲಿದ್ದರೂ 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಲ್ಲಿಗೆ ಹೋಗುವ ಆಸೆ ನನಗಿಲ್ಲ. ಮಳೆಗಾಲ ಮುಗಿಯಲು ಇನ್ನೂ ಎರಡು ತಿಂಗಳಿದೆ, ಆಯೋಗದ ತೀರ್ಪು ಬರುವ ತನಕ ಮಾವನವರ ಮಿಷನ್ ಕಾಯುವುದಿಲ್ಲ.

ನಮ್ಮ ಪಕ್ಕದ ಎರಡು ತೋಟದ ಮನೆಗಳಿಗೂ ನೀವೇ ಇದೇ ಬ್ಯಾಟರಿ ಹಾಕಿದ್ದೀರಿ. ಅವರ ಮನೆಯಲ್ಲಿ ಕಾಯಿಲೆಯವರಿಲ್ಲ, ಅದಕ್ಕೆ ಅವರಿಗೆ ಇನ್ನೂ ಗೊತ್ತಾಗಿಲ್ಲ. ಇಲ್ಲಿಗೆ ಬಂದಾಗ ಅವರ ಸೆಟ್ಟಿಂಗನ್ನೂ ಒಂದು ಸಲ ನೋಡಿ.

ಜನ ಕಳಿಸುವ ಹಿಂದಿನ ದಿನ ಫೋನ್ ಮಾಡಿ, ರಸ್ತೆ ಹೇಗಿದೆ ಅಂತ ಹೇಳುತ್ತೇವೆ. ಬೆಳಿಗ್ಗೆಯೇ ಬರಲಿ, ಊಟ ನಮ್ಮಲ್ಲೇ ಮಾಡಲಿ. ಕೆಲಸ ಮುಗಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ಮಾವನವರ ಕೋಣೆಯ ಪ್ಲಗ್‌ನಲ್ಲಿ ಮಿಷನ್ ಒಂದು ಗಂಟೆ ಓಡುವುದನ್ನು ಅವರೆದುರಿಗೇ ತೋರಿಸಬೇಕು. ಅದಾದ ಮೇಲೆ ನಾನೇ ಸಹಿ ಹಾಕಿಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಕೊಟೇಶನ್ ಪ್ರತಿ, ಹಣ ಕಟ್ಟಿದ ರಸೀದಿ, ಜುಲೈ 12 ಮತ್ತು 13ರ ಆ್ಯಪ್ ಚಿತ್ರಗಳು, ಡಿಬಿಯ ಫೋಟೋ, ನಿಮ್ಮ ಸಹಾಯವಾಣಿಗೆ ಮಾಡಿದ ಕರೆಗಳ ಪಟ್ಟಿ.