ನಿಮ್ಮ ‘ಮೀಟಿಂಗ್ ಬೂಸ್ಟರ್’ ಬಗ್ಗೆ ಒಂದು ದೂರು

ಗೆ,
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ

ವಿಷಯ: ವಿಡಿಯೊ ಕರೆಯನ್ನು ಬೇಕಂತಲೇ ನಿಧಾನ ಮಾಡಿ, ಅದನ್ನು ಸರಿಮಾಡಲು ಬೇರೆ ಹಣ ಕೇಳುತ್ತಿರುವುದು

ಮಾನ್ಯರೇ,

ಕಾಲ್ ಸೆಂಟರ್‌ಗೆ ಫೋನ್ ಮಾಡಿದ್ದಾಯಿತು. ಆ್ಯಪ್‌ನಲ್ಲಿ ದೂರು ಹಾಕಿದ್ದಾಯಿತು. ಪ್ರತಿ ಸಲವೂ ಸಂಜೆಯೊಳಗೆ "ನಿಮ್ಮ ದೂರು ಬಗೆಹರಿದಿದೆ, ನಮಗೆ ಎಷ್ಟು ಸ್ಟಾರ್ ಕೊಡುತ್ತೀರಿ?" ಅಂತ ಮೆಸೇಜ್ ಬರುತ್ತದೆ. ಬಗೆಹರಿದದ್ದು ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಸಮಾಧಾನವಾಗಿ ಬರೆಯಬೇಕು ಅಂತಲೇ ಕೂತಿದ್ದೇನೆ, ನೋಡೋಣ.

ನಾನು ಶಿವಮೊಗ್ಗದಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಮನೆಗೆ ಬಂದು ಕಲಿಯುವ ಮಕ್ಕಳಿಗಿಂತ ಆನ್‌ಲೈನ್‌ನಲ್ಲಿ ಕಲಿಯುವವರೇ ಜಾಸ್ತಿ. ಅದರಲ್ಲೂ ಅಮೆರಿಕದ ಕನ್ನಡದ ಮನೆಗಳ ಮಕ್ಕಳು. ನಿಮ್ಮ 100 ಎಂಬಿಪಿಎಸ್ ಇಂಟರ್ನೆಟ್ ಪ್ಲಾನ್ ತಗೊಂಡಿದ್ದೇ ಅದಕ್ಕೆ. ಬಿಲ್ ಯಾವತ್ತೂ ತಡ ಮಾಡಿಲ್ಲ. ಮಾಡಿದರೆ ನೀವು ಬಿಡುವವರೂ ಅಲ್ಲ ಬಿಡಿ.

ಕೆಲವು ತಿಂಗಳಿಂದ ಸಂಜೆ ಏಳಾದರೆ ಸಾಕು, ವಿಡಿಯೊ ಕರೆ ಮಾತ್ರ ಕುಂಟಲು ಶುರುಮಾಡುತ್ತದೆ. ನ್ಯೂಜೆರ್ಸಿಯ ಹುಡುಗಿ ಜಂಟಿ ವರಸೆ ಹಾಡುತ್ತಿರುತ್ತಾಳೆ. ತಾಳ ಹಾಕಲು ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತದೆ. ಬಾಯಿ ಅರ್ಧ ತೆರೆದೇ ಇರುತ್ತದೆ. ಆಮೇಲೆ ಸಸ ರಿರಿ ಗಗ ಎಲ್ಲ ಒಟ್ಟಿಗೆ ದಬದಬ ಬಂದು ಬೀಳುತ್ತವೆ. ಅದರಲ್ಲಿ ಶ್ರುತಿ ಯಾವುದು, ತಾಳ ಯಾವುದು ಅಂತ ತಿದ್ದಲಿ? ಅದೇ ಹೊತ್ತಿಗೆ, ಅದೇ ವೈಫೈನಲ್ಲಿ, ಒಳಗೆ ನಮ್ಮ ಯಜಮಾನರು ನಿಮ್ಮದೇ ಟೀವಿ ಆ್ಯಪ್‌ನಲ್ಲಿ ಕ್ರಿಕೆಟ್ ನೋಡುತ್ತಿರುತ್ತಾರೆ. ಚೆಂಡಿನ ಹೊಲಿಗೆ ಕೂಡ ಕಾಣುತ್ತದೆ!

ಹೀಗಿರುವಾಗ ನಿಮ್ಮಿಂದಲೇ ಎಸ್‌ಎಂಎಸ್ ಬಂತು. "ವಿಡಿಯೊ ಕರೆ ನಿಂತು ನಿಂತು ಬರುತ್ತಿದೆಯೇ? ತಿಂಗಳಿಗೆ 199 ರೂಪಾಯಿಗೆ ಮೀಟಿಂಗ್ ಬೂಸ್ಟರ್ ಪಡೆಯಿರಿ." ನನ್ನ ತೊಂದರೆ ನಿಮಗೆ ಇಷ್ಟು ಚೆನ್ನಾಗಿ ಗೊತ್ತಿದೆ ಅಂತ ಆಗಲೇ ತಿಳಿದದ್ದು. ಮೇಲಿನ ಮನೆಯವರದ್ದೂ ಇದೇ ಗೋಳಾಗಿತ್ತು. ಅವರು 199 ಕಟ್ಟಿದರು. ಅದೇ ಸಂಜೆ ಸರಿಹೋಯಿತು. ನಾನು ಕಟ್ಟಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಹಳೆಯ ಶಿಷ್ಯನೊಬ್ಬ "ವಿಪಿಎನ್ ಹಾಕಿ ನೋಡಿ ಟೀಚರ್" ಅಂದ. ಹಾಕಿದೆ. ಅದನ್ನು ಹಾಕಿದರೆ ನಾನು ಯಾವ ಆ್ಯಪ್ ಬಳಸುತ್ತಿದ್ದೇನೆ ಅನ್ನುವುದು ನಿಮಗೆ ಕಾಣುವುದಿಲ್ಲವಂತೆ. ಕರೆ ಸಲೀಸಾಗಿ ಹೋಯಿತು. ನಾನು ಏನು ಮಾಡುತ್ತಿದ್ದೇನೆ ಅಂತ ನಿಮಗೆ ಕಾಣದಿದ್ದಾಗ ಮಾತ್ರ ನಿಮ್ಮ ನೆಟ್ ಚೆನ್ನಾಗಿ ನಡೆಯುತ್ತದೆ. ಬೇರೆ ಕಂಪನಿಗಳ ನೆಟ್‌ವರ್ಕ್‌ಗೆ ನಿಮ್ಮದು ಸೇರುವ ಕಡೆ, ಅಂದರೆ ಪೀರಿಂಗ್‌ನಲ್ಲಿ, ತೊಂದರೆ ಅಂತ ಹೇಳಿದ್ದರೂ ನಂಬುತ್ತಿದ್ದೆ. ಆದರೆ ಪೀರಿಂಗ್ ತೊಂದರೆ ಒಂದೇ ಮನೆಗೆ, 199 ಕಟ್ಟಿದ ಕೂಡಲೇ ಸರಿಹೋಗುವುದಿಲ್ಲ, ಅಲ್ವಾ?

ಇದನ್ನೇ ಕೇಳಲು ಬಿ.ಎಚ್. ರೋಡ್‌ನ ನಿಮ್ಮ ಆಫೀಸಿಗೆ ಹೋದೆ. ಟೋಕನ್ ಕೊಟ್ಟರು. ಇದ್ದ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ರೂಟರ್ ಡಬ್ಬಗಳು ಕೂತಿದ್ದವು, ಹಾಗಾಗಿ ನಿಂತೇ ಇದ್ದೆ. ನನ್ನ ಸರದಿ ಬಂದಾಗ ಕೌಂಟರ್‌ನ ಹುಡುಗ ತಲೆ ಎತ್ತದೆ "ಹೇಳಿ ಆಂಟಿ" ಅಂದ. ಹೇಳಿದೆ.

"ನೆಟ್ ಬರ್ತಿದ್ಯಾ?"

ಬರ್ತಿದೆ ಅಂದೆ.

"ಬರ್ತಿದೆ ಅಂದ್ಮೇಲೆ ಏನು ಕಂಪ್ಲೇಂಟು?"

ವಿಡಿಯೊ ಕರೆ ಮಾತ್ರ ನಿಲ್ಲುತ್ತೆ ಅಂದೆ. ಅದು ಆ್ಯಪ್‌ನವರ ಪ್ರಾಬ್ಲಮ್ಮಂತೆ. ಎಲ್ಲ ಆ್ಯಪ್‌ನಲ್ಲೂ ಹೀಗೇ ಆಗುತ್ತೆ ಅಂದೆ. ಹಾಗಾದರೆ ನನ್ನ ಮೊಬೈಲ್ ಹಳೆಯದಂತೆ. ಮೊಬೈಲ್ ಅಲ್ಲಪ್ಪ, ಲ್ಯಾಪ್‌ಟಾಪ್ ಅಂದೆ. ಆಗ ತಲೆ ಎತ್ತಿದ. ತನ್ನ ಫೋನ್ ತೆಗೆದು, ನಿಮ್ಮ ಆಫೀಸಿನ ವೈಫೈನಲ್ಲೇ ಸ್ಪೀಡ್ ಟೆಸ್ಟ್ ಒತ್ತಿದ. ಮುಳ್ಳು ಸರ್ರನೆ ಮೇಲೇರಿತು. ಫೋನನ್ನು ನನ್ನ ಕಡೆ ಹಿಡಿಯಲಿಲ್ಲ. ನನ್ನ ಹಿಂದೆ ನಿಂತವರ ಕಡೆ ತಿರುಗಿಸಿ, "ತೊಂಬತ್ತೆಂಟು ಬರ್ತಿದೆ ನೋಡಿ ಸಾರ್, ಆಂಟಿಗೆ ಸಾಲಲ್ವಂತೆ" ಅಂದ. ಇಬ್ಬರು ನಕ್ಕರು. ಇನ್ನೊಬ್ಬರು "ಪಾಪ ಬಿಡಪ್ಪ, ಅವರಿಗೆ ಗೊತ್ತಾಗಲ್ಲ" ಅಂದರು. ನಕ್ಕಿದ್ದಕ್ಕಿಂತ ಆ ‘ಪಾಪ’ವೇ ಜಾಸ್ತಿ ಚುಚ್ಚಿತು.

ನಿಮ್ಮ ಆಫೀಸಲ್ಲಿ ಬರುವುದು ನನ್ನ ಮನೆಯ ಕರೆಗೆ ಯಾಕೆ ಬರಲ್ಲ, ವಿಪಿಎನ್ ಹಾಕಿದರೆ ಯಾಕೆ ಸರಿಹೋಗುತ್ತೆ ಅಂತ ಕೇಳಿದೆ. "ವಿಪಿಎನ್ ಎಲ್ಲ ನಿಮಗ್ಯಾಕೆ ಆಂಟಿ? ಮನೇಲಿ ಮಕ್ಕಳಿದ್ರೆ ಕಳ್ಸಿ, ಅವರಿಗೆ ಹೇಳ್ತೀನಿ. ಇಲ್ಲಾಂದ್ರೆ ಸುಮ್ನೆ 199 ಕಟ್ಟಿ, ಇವತ್ತೇ ಸರಿಹೋಗುತ್ತೆ." ಅಷ್ಟು ಹೊತ್ತಿನಲ್ಲಿ ಅವನ ಬಾಯಿಂದ ಬಂದ ನಿಜ ಅದೊಂದೇ. ಆಮೇಲೆ ಒಳಗಿಂದ ನಿಮ್ಮ ಸೂಪರ್‌ವೈಸರ್ ಬಂದರು. ಅವರು ಮರ್ಯಾದೆಯವರು, ಮೇಡಂ ಅಂದರು. ನೆಟ್‌ನಲ್ಲಿ ಹೋಗುವುದನ್ನೆಲ್ಲ ಒಂದೇ ಥರ ನೋಡಬೇಕು ಅನ್ನುವ ನೆಟ್ ನ್ಯೂಟ್ರಾಲಿಟಿ ನಿಯಮ ಇದೆಯಲ್ಲ ಅಂದಿದ್ದಕ್ಕೆ, "ಅದನ್ನ ಅಮೆರಿಕದಲ್ಲೇ ತೆಗೆದುಹಾಕಿದ್ರಲ್ಲ ಮೇಡಂ" ಅಂತ ನಕ್ಕರು.

ಅಮೆರಿಕದಲ್ಲಿ ತೆಗೆದದ್ದು ನನಗೂ ಗೊತ್ತು. 2015ರಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ನಿಯಮ ತಂದಿತು. 2017ರ ಡಿಸೆಂಬರ್‌ನಲ್ಲಿ, ಅಜಿತ್ ಪೈ ಅಧ್ಯಕ್ಷರಾಗಿದ್ದಾಗ, ತೆಗೆಯಿತು. (ಪೈ ಅಂತ ಕೇಳಿ ನಮ್ಮ ಕಡೆಯವರಿರಬೇಕು ಅಂತ ನಾವು ಖುಷಿಪಟ್ಟಿದ್ದು ಬೇರೆ ಮಾತು.) 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ಕೋರ್ಟು ಹೊಡೆದುಹಾಕಿತು. ಅಲ್ಲೂ ಕ್ಯಾಲಿಫೋರ್ನಿಯಾ ತನ್ನದೇ ಕಾನೂನು ಇಟ್ಟುಕೊಂಡಿದೆ. ಅದೇನೇ ಇರಲಿ, ನಿಮ್ಮ ಆಫೀಸು ಇರುವುದು ಬಿ.ಎಚ್. ರೋಡ್‌ನಲ್ಲಿ. ಲೈಸೆನ್ಸ್ ಕೊಟ್ಟಿದ್ದು ದೆಹಲಿಯ ದೂರಸಂಪರ್ಕ ಇಲಾಖೆ, ವಾಷಿಂಗ್ಟನ್ ಅಲ್ಲ.

ಇಲ್ಲಿನ ನಿಯಮ ನಿಮಗೆ ಗೊತ್ತೇ ಇರುತ್ತದೆ. ನಿಮ್ಮ ಸೂಪರ್‌ವೈಸರ್‌ಗೆ ಓದಿ ಹೇಳಲಿ ಅಂತ ಬರೆಯುತ್ತೇನೆ. ಯಾವ ಆ್ಯಪ್, ಯಾವ ವೆಬ್‌ಸೈಟ್ ಅಂತ ನೋಡಿ ಡೇಟಾಗೆ ಬೇರೆ ಬೇರೆ ದರ ಹಾಕುವಂತಿಲ್ಲ ಅಂತ ನಮ್ಮ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರ ಫೆಬ್ರವರಿ 8ರಂದು ನಿಯಮ ಹೊರಡಿಸಿತು. ಮೀರಿದರೆ ದಿನಕ್ಕೆ 50,000 ರೂಪಾಯಿ ದಂಡ, 50 ಲಕ್ಷದವರೆಗೆ. 2018ರ ಸೆಪ್ಟೆಂಬರ್‌ನಲ್ಲಿ ಇಲಾಖೆ ಲೈಸೆನ್ಸ್ ಷರತ್ತನ್ನೇ ತಿದ್ದಿತು. ಒಂದನ್ನು ತಡೆಯುವುದು, ಇನ್ನೊಂದನ್ನು ನಿಧಾನ ಮಾಡುವುದು, ಮತ್ತೊಂದಕ್ಕೆ ಜಾಸ್ತಿ ವೇಗ ಕೊಡುವುದು, ಮೂರೂ ಕೂಡದು. ನೆಟ್‌ವರ್ಕ್‌ನ ದಟ್ಟಣೆ ನಿಭಾಯಿಸುವ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಅಂತೀರಾ? ಅದು ತಾತ್ಕಾಲಿಕ ಇರಬೇಕು, ಗ್ರಾಹಕರಿಗೆ ತಿಳಿಸಿ ಮಾಡಬೇಕು. ಈ ನಿಯಮದಿಂದ ಹೊರಗಿಟ್ಟ ಸ್ಪೆಷಲೈಸ್ಡ್ ಸರ್ವಿಸ್ ಅಂತೀರಾ? ಅದರ ಮಾತು ಬಂದಾಗ ಹೇಳುತ್ತಿದ್ದದ್ದು ದೂರದಿಂದ ಮಾಡುವ ಆಪರೇಷನ್ನು, ಚಾಲಕನಿಲ್ಲದ ಕಾರು ಇಂಥವನ್ನು. ನಾನು ಯಾರ ಹೊಟ್ಟೆಯನ್ನೂ ಕೊಯ್ಯುತ್ತಿಲ್ಲ. ಬಸ್ಸಿನಲ್ಲಿ ಟಿಕೆಟ್ ಕೊಟ್ಟ ಕಂಡಕ್ಟರ್, ಇಳಿದು ಯಾರ ಮನೆಗೆ ಹೋಗ್ತೀರಿ ಅಂತ ಕೇಳಿ ಇನ್ನೊಂದು ಟಿಕೆಟ್ ಹರಿಯುವುದಿಲ್ಲ.

ಈ ನಿಯಮ ಸುಮ್ನೆ ಬಂದದ್ದೂ ಅಲ್ಲ. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಇಂಟರ್ನೆಟ್ ಕರೆಗೆ ಬೇರೆ ದರ ಅಂತ ಹೇಳಿತು. ಜನ ಗಲಾಟೆ ಮಾಡಿದ ಮೇಲೆ ಕೆಲವೇ ದಿನದಲ್ಲಿ ಕೈಬಿಟ್ಟಿತು. 2015ರಲ್ಲಿ ಟ್ರಾಯ್ ಅಭಿಪ್ರಾಯ ಕೇಳಿದಾಗ 10 ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. ಅದರಲ್ಲಿ ನನ್ನದೂ ಒಂದು. ಟ್ರಾಯ್‌ನವರು ಅವನ್ನೆಲ್ಲ ನಮ್ಮ ಇಮೇಲ್ ವಿಳಾಸದ ಸಮೇತ ವೆಬ್‌ಸೈಟಿಗೆ ಹಾಕಿಬಿಟ್ಟರು. ಸಾಲ ಬೇಕಾ, ಸೈಟು ಬೇಕಾ ಅಂತ ಬಂದ ಮೇಲ್‌ಗಳನ್ನೆಲ್ಲ ಸಹಿಸಿಕೊಂಡವರು ನಾವು. ಆಮೇಲೆ ಫೇಸ್‌ಬುಕ್, ಆಯ್ದ ಕೆಲವು ವೆಬ್‌ಸೈಟ್‌ಗಳನ್ನು ಮಾತ್ರ ಪುಕ್ಕಟೆ ಕೊಡುವ ತನ್ನ ಫ್ರೀ ಬೇಸಿಕ್ಸ್‌ಗಾಗಿ ಪುಟಗಟ್ಟಲೆ ಜಾಹೀರಾತು ಕೊಟ್ಟಿತು. 2016ರ ನಿಯಮ ಬಂದ ಮೇಲೆ ಫೇಸ್‌ಬುಕ್‌ನಂಥ ಫೇಸ್‌ಬುಕ್ಕೇ ಇಲ್ಲಿ ಅದನ್ನು ಮಡಚಿಕೊಂಡು ಹೋಯಿತು. ನಿಮ್ಮ ಬೂಸ್ಟರ್ ಯಾವ ಲೆಕ್ಕ?

ಮೊನ್ನೆ ಶನಿವಾರ ಆ ನ್ಯೂಜೆರ್ಸಿ ಹುಡುಗಿಯ ತಾಯಿ ಮೆಸೇಜ್ ಮಾಡಿದರು. "ಬೇಜಾರು ಮಾಡ್ಕೋಬೇಡಿ ಟೀಚರ್, ಮಗಳಿಗೆ ಚೆನ್ನೈನ ಒಬ್ಬರ ಹತ್ತಿರ ಕ್ಲಾಸ್ ಹಾಕಿದ್ದೀವಿ. ನಿಮ್ಮ ಕಡೆ ನೆಟ್ ತುಂಬ ತೊಂದರೆ ಇದೆ." ಅವರದೇನೂ ತಪ್ಪಿಲ್ಲ. ಆ ಫೀಸಿನ ಲೆಕ್ಕವನ್ನು ನಿಮ್ಮ ಖಾತೆಗೆ ಬರೆದುಕೊಂಡಿದ್ದೇನೆ.

ಬೂಸ್ಟರ್ ದರವನ್ನು ಟ್ರಾಯ್‌ಗೆ ತಿಳಿಸಿದ್ದೀರೋ ಇಲ್ಲವೋ, ನನ್ನ ಲೈನ್‌ನಲ್ಲಿ ಸಂಜೆ ಏನು ಮಾಡುತ್ತೀರಿ, ಇವೆರಡಕ್ಕೆ ಬರೆದ ಉತ್ತರ ಬೇಕು. ಈ ಪತ್ರದ ಜೊತೆಗೇ ನಿಮ್ಮ ಮೇಲ್ಮನವಿ ಅಧಿಕಾರಿಗೂ ಅರ್ಜಿ ಹಾಕಿದ್ದೇನೆ. ಅವರಿಗೆ 39 ದಿನ ಗಡುವಿದೆ. ಒಬ್ಬೊಬ್ಬರ ದೂರನ್ನು ಟ್ರಾಯ್ ತಗೊಳ್ಳುವುದಿಲ್ಲ ಅಂತ ನೀವು ಧೈರ್ಯವಾಗಿರಬಹುದು. ನಿಮ್ಮ ಎಸ್‌ಎಂಎಸ್‌ನ ಚಿತ್ರವನ್ನು ಅವರಿಗೂ, ಇಲಾಖೆಗೂ ಕಳಿಸುತ್ತಿದ್ದೇನೆ. ಅದು ನನ್ನೊಬ್ಬಳ ದೂರಲ್ಲ, ನೀವು ಊರಿಗೆಲ್ಲ ಕಳಿಸಿದ ದರಪಟ್ಟಿ.

ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ಟೆಲಿಕಾಂ ಕಂಪನಿಗಳ ಮೇಲೂ ಅಲ್ಲಿಗೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ನನ್ನಂಥವರ ಮೊತ್ತಕ್ಕೆ ಶುಲ್ಕವೂ ಇಲ್ಲ. ವಕೀಲರನ್ನು ಇಡುವುದಿಲ್ಲ, ನಾನೇ ಮಾತಾಡುತ್ತೇನೆ. ಆ ಹುಡುಗನನ್ನೂ ಕರೆಸಲು ಕೇಳುತ್ತೇನೆ. 199 ಕಟ್ಟಿದರೆ ಇವತ್ತೇ ಹೇಗೆ ಸರಿಹೋಗುತ್ತೆ ಅಂತ ಆಯೋಗದ ಮುಂದೆ ವಿವರಿಸಲಿ. ಮೇಲಿನ ಮನೆಯವರು ರಸೀದಿ ಕೊಟ್ಟಿದ್ದಾರೆ, ಸಾಕ್ಷಿ ಹೇಳಲೂ ಒಪ್ಪಿದ್ದಾರೆ.

ಇಂತಿ,
ನಿಮ್ಮ ಕೌಂಟರ್‌ನ ‘ಆಂಟಿ’, ಶಿವಮೊಗ್ಗ

ವಿ.ಸೂ.: ರಾಜಿಗೆ ಅಂತ ಫೋನ್ ಮಾಡಬೇಡಿ. ಏನಿದ್ದರೂ ಲೆಟರ್‌ಹೆಡ್‌ನಲ್ಲಿ, ಸಹಿ ಹಾಕಿ ಕಳಿಸಿ. ಆಯೋಗಕ್ಕೆ ಕೊಡಲು ಅದೇ ಅನುಕೂಲ.