ಆ ಹಾಳೆಯ ಹಿಂಬದಿಯನ್ನೂ ಅಚ್ಚುಹಾಕಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮಧ್ಯಯುಗದ ಇಟಲಿಯ ಬಿಡಿ ಹಾಳೆಯೊಂದನ್ನು ಅರ್ಧ ಪುಟದಷ್ಟು ದೊಡ್ಡದಾಗಿ, ಬಣ್ಣದಲ್ಲಿ ಅಚ್ಚುಹಾಕಿದ್ದೀರಿ. ಅದಕ್ಕಾಗಿ ಕೃತಜ್ಞನಾಗಿದ್ದೇನೆ. ಆದರೆ ಅದರಡಿಯಲ್ಲಿ ‘ಅಪರೂಪದ ಚಿನ್ನದ ಚಿತ್ರ’ ಎಂದಷ್ಟೇ ಬರೆದದ್ದು, ಮೂವತ್ತು ವರ್ಷ ಸಂಗೀತ ಕಲಿಸಿದ ನನಗೆ ಸರಿಕಾಣಲಿಲ್ಲ. ಅದು ಹಾಡುವ ಪುಸ್ತಕದ ಹಾಳೆ. ನಾಲ್ಕು ಕೆಂಪು ಗೆರೆಗಳ ಮೇಲೆ ಕೂತಿರುವ ಚೌಕಾಕಾರದ ಕಪ್ಪು ಗುರುತುಗಳು ಅಲ್ಲಿಯ ಸ್ವರಲಿಪಿ. ಹಾಗೆ ಗೆರೆ ಎಳೆದು ಸ್ವರಗಳನ್ನು ಕೂರಿಸುವ ಕ್ರಮವನ್ನು 11ನೆಯ ಶತಮಾನದಲ್ಲಿ ನೆಲೆಗೊಳಿಸಿದವನು ಅರೆಝೊ ಊರಿನ ಗ್ವಿಡೊ ಎಂಬ ಸನ್ಯಾಸಿ. ಸಂತನ ಚಿತ್ರವಿರುವುದು ಹಾಡಿನ ಮೊದಲ ಅಕ್ಷರದ ಹೊಟ್ಟೆಯೊಳಗೆ. ಮಠದ ಮೇಳದವರೆಲ್ಲ ಒಂದೇ ಪುಸ್ತಕದ ಮುಂದೆ ನಿಂತು ದೂರದಿಂದಲೇ ಓದಿ ಹಾಡಬೇಕಿದ್ದರಿಂದ ಹಾಳೆಯೂ ಅಕ್ಷರವೂ ಅಷ್ಟು ದೊಡ್ಡವು.

ಹದ ಮಾಡಿದ ಚರ್ಮದ ಮೇಲೆ ಗಚ್ಚಿನಂಥ ಲೇಪ ಹಚ್ಚಿ ಉಬ್ಬಿಸಿ, ಚಿನ್ನದ ರೇಕು ಕೂರಿಸಿ, ನಯವಾದ ಕಲ್ಲಿನಿಂದಲೋ ನಾಯಿಯ ಹಲ್ಲಿನಿಂದಲೋ ಉಜ್ಜಿ ಹೊಳಪು ತರುತ್ತಿದ್ದರು. ನಮ್ಮ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಯ ಆಭರಣಗಳನ್ನು ಉಬ್ಬಿಸುವುದನ್ನು ಕಂಡವರಿಗೆ ಆ ಕೈಯ ತಾಳ್ಮೆ ಎಂಥದ್ದೆಂದು ತಿಳಿದೀತು. ಆ ಕಾಲದ ಶ್ರೇಷ್ಠ ನೀಲಿ ಬಣ್ಣವಂತೂ ಅಫ್ಘಾನಿಸ್ತಾನದ ಬದಖ್ಶಾನ್ ಬೆಟ್ಟಗಳ ಕಲ್ಲಿನಿಂದ ಬರುತ್ತಿತ್ತು. ಈ ಚಿನ್ನ, ಈ ನೀಲಿಗಳ ಚೆಲುವೇ ಪುಸ್ತಕಗಳಿಗೆ ಮುಳುವಾಯಿತು. 1798ರಲ್ಲಿ ಫ್ರೆಂಚ್ ಸೈನ್ಯ ರೋಮ್ ನಗರವನ್ನು ಹಿಡಿದಾಗ ಪೋಪರ ಪ್ರಾರ್ಥನಾ ಮಂದಿರವಾದ ಸಿಸ್ಟೀನ್ ಚಾಪೆಲ್‌ನ ಗ್ರಂಥಗಳು ಕೊಳ್ಳೆಹೋದವು. ಅವುಗಳಿಂದ ಕತ್ತರಿಸಿ ತೆಗೆದ ಚಿತ್ರಗಳನ್ನು ಲುಯಿಜಿ ಚೆಲೊಟ್ಟಿ ಎಂಬ ವ್ಯಾಪಾರಿ 1825ರಲ್ಲಿ ಲಂಡನ್ನಿನಲ್ಲಿ ಹರಾಜಿಗಿಟ್ಟ. ಫ್ಲಾರೆನ್ಸಿನ ಸಾಂತಾ ಮರಿಯಾ ದೆಲ್ಯಿ ಆಂಜೆಲಿ ಮಠದ ಗಾಯನ ಗ್ರಂಥಗಳಿಗೂ ಕತ್ತರಿ ಬಿತ್ತು. ಕೊಂಡವರು ಚಿತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು, ಹಿಂಬದಿಯ ಹಾಡು ಗೋಡೆಯ ಕಡೆಗೆ ಮುಖ ಮಾಡಿತು. ಇಂದು ವಿದ್ವಾಂಸರು ಚದುರಿದ ತುಣುಕುಗಳನ್ನು ಮತ್ತೆ ಜೋಡಿಸುವಾಗ ನೆರವಿಗೆ ಬರುವುದು ಆ ಹಿಂಬದಿಯೇ: ಅಲ್ಲಿಯ ಅರ್ಧ ಸಾಲು ಯಾವ ಹಬ್ಬದ ಹಾಡಿನದೆಂದು ಗೊತ್ತಾದರೆ ಹಾಳೆ ಎಲ್ಲಿಯದೆಂದೂ ಗೊತ್ತಾಗುತ್ತದೆ.

ನೀವು ಅಚ್ಚುಹಾಕಿದ ಹಾಳೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಬಲಗಡೆಯ ಕೆಳಮೂಲೆ ಕಂದಿ, ಮೆತ್ತಗೆ ಸವೆದಿದೆ. ಪುಟ ಮಗುಚಿದವರ ಹೆಬ್ಬೆರಳು ತಾಗಿದ ಜಾಗವದು ಎಂದು ನನಗನ್ನಿಸುತ್ತದೆ, ಏಕೆಂದರೆ ಅಂಥದೇ ಮೂಲೆ ನಮ್ಮ ಮನೆಯಲ್ಲಿದೆ. ವಿಜಯದಾಸರೂ ಜಗನ್ನಾಥದಾಸರೂ ಹಾಡಿದ ಈ ಮಾನ್ವಿ ಸೀಮೆಯಲ್ಲಿ ಹಳೆಯ ಮನೆಗಳಲ್ಲಿ ಕೈಬರಹದ ದಾಸರ ಪದಗಳ ಪುಸ್ತಕ ಇರುವುದು ಹೊಸದಲ್ಲ. ನಮ್ಮ ಅಜ್ಜ ಬರೆದಿಟ್ಟ ಪುಸ್ತಕವನ್ನು ಮನೆ ಪಾಲಾದಾಗ ದೇವರ ಪೆಟ್ಟಿಗೆಯ ಜೊತೆಗೆ ಅಣ್ಣತಮ್ಮಂದಿರು ಮೂವರೂ ಹೊಲಿಗೆ ಬಿಚ್ಚಿ ಹಂಚಿಕೊಂಡರು. ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ, ಅಜ್ಜನ ಕೈಬರಹ ತಮ್ಮ ಮನೆಯಲ್ಲೂ ಇರಲಿ ಎಂಬ ಭಕ್ತಿಯಿಂದಲೇ ಹಾಗೆ ಮಾಡಿದರು. ಅದರ ಫಲವಾಗಿ, ಒಂದೊಂದು ಭಾಗವೂ ಒಂದೊಂದು ತಾಳದಲ್ಲಿ ಸಾಗುವ ಸುಳಾದಿ ಎಂಬ ದೀರ್ಘ ಹಾಡೊಂದರ ಧ್ರುವತಾಳ, ಮಟ್ಟತಾಳ ನಮ್ಮಲ್ಲಿವೆ. ತ್ರಿವಿಡಿ ಮತ್ತು ಅಟ್ಟತಾಳ ಸಿಂಧನೂರಿನ ಚಿಕ್ಕಪ್ಪನ ಮನೆಯಲ್ಲಿವೆ. ಆದಿತಾಳವೂ ಜತೆ ಎಂಬ ಕೊನೆಯ ಎರಡು ಸಾಲೂ ಇದ್ದ ಹಾಳೆಗೆ ದೊಡ್ಡಪ್ಪನವರು ಗಾಜು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಆ ಸುಳಾದಿಯನ್ನು ಅಜ್ಜನ ಬರಹ ನೋಡಿ ಕೊನೆಯತನಕ ಹಾಡಿದವರು ನಮ್ಮ ವಂಶದಲ್ಲಿ ಈಗ ಯಾರೂ ಇಲ್ಲ.

ಆದ್ದರಿಂದ ಇಂಥ ಹಾಳೆಯ ಚಿತ್ರವನ್ನು ಇನ್ನೊಮ್ಮೆ ಪ್ರಕಟಿಸುವಾಗ ಅದರ ಹಿಂಬದಿಯನ್ನೂ ಚಿಕ್ಕದಾಗಿಯಾದರೂ ಅಚ್ಚುಹಾಕಬೇಕೆಂದು, ಯಾವ ಹಾಡಿನ ಯಾವ ಭಾಗವದು ಎಂಬುದನ್ನು ಎರಡು ಸಾಲಿನಲ್ಲಾದರೂ ತಿಳಿಸಬೇಕೆಂದು ಕೋರುತ್ತೇನೆ. ಪುಸ್ತಕ ಪಾಲಾಗಿರುವ ಮನೆಗಳು ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಇನ್ನೂ ಇದ್ದಾವು. ಅವರು ಹಾಳೆಗಳನ್ನು ಮರಳಿ ಕೊಡಬೇಕೆಂದೇನೂ ಇಲ್ಲ, ಎರಡೂ ಬದಿಯ ಫೋಟೊ ತೆಗೆದು ಒಬ್ಬರಿಗೊಬ್ಬರು ಕಳಿಸಿಕೊಂಡರೂ ಹಾಡು ಕೂಡಿಕೊಳ್ಳುತ್ತದೆ. ದೊಡ್ಡಪ್ಪನವರನ್ನು ಕೇಳಿದ್ದೇನೆ. ಭಾದ್ರಪದದಲ್ಲಿ ನಡೆಯುವ ಜಗನ್ನಾಥದಾಸರ ಆರಾಧನೆಗೆ ಮೊದಲು ಗಾಜು ಬಿಚ್ಚಿಸಲು ಒಪ್ಪಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಂಗೀತ ಶಿಕ್ಷಕ,
ಮಾನ್ವಿ, ರಾಯಚೂರು ಜಿಲ್ಲೆ